ನಿಸ್ತಂತು ರೂಟರ್ ಬೇಕೇ, ಆಕ್ಸೆಸ್ ಪಾಯಿಂಟ್ ಬೇಕೇ? ಗ್ರಾಮ ಪಂಚಾಯತಿ ಕಚೇರಿಯ ವೈ-ಫೈ ವ್ಯವಸ್ಥೆ ಕುರಿತು ಸದಸ್ಯರಿಗೆ ಮಾಹಿತಿ



1. ಪೀಠಿಕೆ

ಗ್ರಾಮ ಪಂಚಾಯತಿಯ ದೈನಂದಿನ ಆಡಳಿತದ ಬಹುಪಾಲು ಕಾರ್ಯಗಳು ಈಗ ಅಂತರಜಾಲ ಸಂಪರ್ಕವನ್ನು ಆಧರಿಸಿವೆ. ಇ-ಸ್ವತ್ತು ತಂತ್ರಾಂಶದ ಮೂಲಕ ನೀಡುವ ನಮೂನೆ 9 ಮತ್ತು ನಮೂನೆ 11, ಪಂಚತಂತ್ರ ತಂತ್ರಾಂಶದಲ್ಲಿ ನಿರ್ವಹಿಸುವ ಲೆಕ್ಕಪತ್ರ ಹಾಗೂ ತೆರಿಗೆ ವಿವರ, ಬಾಪೂಜಿ ಸೇವಾ ಕೇಂದ್ರಕ್ಕೆ ಬರುವ ಅರ್ಜಿಗಳು, ಅರಿವು ಕೇಂದ್ರದಲ್ಲಿ ಮಕ್ಕಳು ಬಳಸುವ ಗಣಕಯಂತ್ರಗಳು ಇವೆಲ್ಲವೂ ಸಂಪರ್ಕವಿದ್ದರೆ ಮಾತ್ರ ನಡೆಯುತ್ತವೆ. ಸಂಪರ್ಕ ಕಡಿದರೆ ತೊಂದರೆಗೆ ಒಳಗಾಗುವವರು ಸರತಿಯಲ್ಲಿ ನಿಂತ ನಾಗರಿಕರು. ಅರ್ಧ ದಿನದ ಕೂಲಿ ಬಿಟ್ಟು ಬಂದವರು "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಉತ್ತರ ಪಡೆದು ಹಿಂದಿರುಗುತ್ತಾರೆ. ಅನೇಕ ವೇಳೆ ಸರ್ವರ್ ಸರಿಯಾಗಿಯೇ ಇರುತ್ತದೆ. ಕಚೇರಿಯ ಒಳಗಿನ ವೈ-ಫೈ ಮಾತ್ರ ಮೇಜಿನವರೆಗೆ ತಲುಪಿರುವುದಿಲ್ಲ.

ಬೆಂಗಳೂರು ನಗರ ಜಿಲ್ಲೆಯ ಬೆಂಗಳೂರು ದಕ್ಷಿಣ ತಾಲ್ಲೂಕಿನ ಪಂಚಾಯತಿಗಳಲ್ಲಿ ಈ ಒತ್ತಡ ಹೆಚ್ಚು. ಬನಶಂಕರಿಯಿಂದ ಕನಕಪುರ ರಸ್ತೆಯಲ್ಲಿ ಕಗ್ಗಲೀಪುರ, ಸೋಮನಹಳ್ಳಿಗಳ ಕಡೆಗೂ, ಮಾಗಡಿ ರಸ್ತೆಯಲ್ಲಿ ತಾವರೆಕೆರೆಯ ಕಡೆಗೂ ನಗರ ಬೆಳೆಯುತ್ತಿದೆ. ನಿವೇಶನ, ಖಾತೆ ಮತ್ತು ತೆರಿಗೆಗೆ ಸಂಬಂಧಿಸಿದ ಕೆಲಸವೂ ಅದರೊಂದಿಗೆ ಬೆಳೆದಿದೆ. "ನೆಟ್ ಬರುತ್ತಿಲ್ಲ" ಎಂಬ ದೂರು ಸಭೆಯ ಮುಂದೆ ಬಂದಾಗ ಸಾಮಾನ್ಯವಾಗಿ ಮಂಡನೆಯಾಗುವ ಪ್ರಸ್ತಾವನೆ "ಹೊಸದೊಂದು ರೂಟರ್ ಖರೀದಿಸುವುದು" ಎಂಬುದಾಗಿರುತ್ತದೆ. ಈ ಪ್ರಸ್ತಾವನೆಗೆ ಒಪ್ಪಿಗೆ ನೀಡುವ ಮೊದಲು ಸದಸ್ಯರು ತಿಳಿದಿರಬೇಕಾದ ಮುಖ್ಯ ಸಂಗತಿ ಇಷ್ಟು: ಒಂದು ಕಚೇರಿಗೆ ರೂಟರ್ ಸಾಮಾನ್ಯವಾಗಿ ಒಂದೇ ಸಾಕು; ವೈ-ಫೈ ತಲುಪದ ಕೊಠಡಿಗೆ ಬೇಕಾದುದು ಆಕ್ಸೆಸ್ ಪಾಯಿಂಟ್. ಇವೆರಡರ ವ್ಯತ್ಯಾಸವನ್ನೂ ಆಯ್ಕೆಯ ಕ್ರಮವನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

2. ಒಂದೇ ಪೆಟ್ಟಿಗೆ, ಹಲವು ಕೆಲಸ

ಅಂಗಡಿಯಲ್ಲಿ "ವೈ-ಫೈ ರೂಟರ್" ಎಂದು ಮಾರುವ ಪೆಟ್ಟಿಗೆಯೊಳಗೆ ಮೂರು ಬೇರೆ ಬೇರೆ ಉಪಕರಣಗಳು ಅಡಗಿರುತ್ತವೆ.

ಮೊದಲನೆಯದು ರೂಟರ್. ಹೊರಗಿನ ಅಂತರಜಾಲವನ್ನು ಕಚೇರಿಯ ಒಳಗಿನ ಜಾಲಕ್ಕೆ ಜೋಡಿಸುವುದು ಇದರ ಕೆಲಸ. ಒಳಗಿರುವ ಪ್ರತಿಯೊಂದು ಗಣಕಯಂತ್ರ, ಮುದ್ರಕ ಮತ್ತು ಮೊಬೈಲಿಗೆ ಇದು ಒಂದೊಂದು ಸಂಖ್ಯೆ ಕೊಡುತ್ತದೆ. ಈ ಸಂಖ್ಯೆಯನ್ನು ಐ.ಪಿ. ವಿಳಾಸ ಎನ್ನುತ್ತಾರೆ, 192.168.1.10 ಇದರ ಒಂದು ಮಾದರಿ. ಯಾರು ಕೇಳಿದ ಮಾಹಿತಿ ಯಾರಿಗೆ ಹೋಗಬೇಕೆಂಬುದನ್ನು ಈ ಸಂಖ್ಯೆಯ ಆಧಾರದ ಮೇಲೆ ರೂಟರ್ ನಿರ್ಧರಿಸುತ್ತದೆ. ಹೊರಗಿನಿಂದ ಅನಗತ್ಯವಾಗಿ ಒಳಬರುವ ಸಂಪರ್ಕಗಳನ್ನು ತಡೆಯುವುದೂ ಇದರ ಹೊಣೆ.

ಎರಡನೆಯದು ಸ್ವಿಚ್. ಪೆಟ್ಟಿಗೆಯ ಹಿಂಬದಿಯಲ್ಲಿ ತಂತಿ ಸಿಕ್ಕಿಸಲು ಇರುವ ಸಾಲು ಕಿಂಡಿಗಳೇ ಇದು. ತಂತಿಯ ಮೂಲಕ ಬಂದ ಗಣಕಯಂತ್ರಗಳನ್ನು ಪರಸ್ಪರ ಜೋಡಿಸುತ್ತದೆ.

ಮೂರನೆಯದು ಆಕ್ಸೆಸ್ ಪಾಯಿಂಟ್. ತಂತಿಯಲ್ಲಿ ಬಂದ ಸಂಪರ್ಕವನ್ನು ರೇಡಿಯೋ ತರಂಗವಾಗಿ ಹರಡುವುದು, ಮೊಬೈಲ್ ಅಥವಾ ಲ್ಯಾಪ್‌ಟಾಪ್ ಕಳುಹಿಸಿದ ತರಂಗವನ್ನು ಮತ್ತೆ ತಂತಿಗೆ ಸೇರಿಸುವುದು ಇದರ ಏಕೈಕ ಕೆಲಸ. ಸಾಮಾನ್ಯ ಜೋಡಣೆಯಲ್ಲಿ ಇದು ಸಂಖ್ಯೆ ಕೊಡುವುದಿಲ್ಲ, ದಾರಿಯನ್ನೂ ನಿರ್ಧರಿಸುವುದಿಲ್ಲ. ಆ ಎರಡನ್ನೂ ರೂಟರಿಗೆ ಬಿಡುತ್ತದೆ.

ಪ್ರತ್ಯೇಕವಾಗಿ ಮಾರುವ ಆಕ್ಸೆಸ್ ಪಾಯಿಂಟ್‌ನಲ್ಲಿ ಈ ಮೂರನೆಯ ಭಾಗ ಮಾತ್ರ ಇರುತ್ತದೆ. ತಟ್ಟೆಯಂತೆ ಚಪ್ಪಟೆಯಾಗಿ, ಚಾವಣಿ ಅಥವಾ ಗೋಡೆಗೆ ಕೂರಿಸುವಂತೆ ಇದನ್ನು ರೂಪಿಸಿರುತ್ತಾರೆ. ರೂಟರ್ ಇಲ್ಲದೆ ಇದೊಂದರಿಂದಲೇ ಕಚೇರಿಯ ಅಂತರಜಾಲ ನಡೆಯದು.

3. ಕುಡಿಯುವ ನೀರಿನ ಯೋಜನೆಯ ಹೋಲಿಕೆ

ಸದಸ್ಯರಿಗೆ ಚಿರಪರಿಚಿತವಾದ ಕುಡಿಯುವ ನೀರಿನ ಯೋಜನೆಯೊಂದಿಗೆ ಹೋಲಿಸಿದರೆ ಈ ವ್ಯತ್ಯಾಸ ಸುಲಭವಾಗಿ ಮನದಟ್ಟಾಗುತ್ತದೆ. ಹೊರಗಿನಿಂದ ಬರುವ ಫೈಬರ್ ಸಂಪರ್ಕವು ಕೊಳವೆಬಾವಿಯಿದ್ದಂತೆ. ರೂಟರ್ ಎಂದರೆ ಓವರ್‌ಹೆಡ್ ಟ್ಯಾಂಕ್ ಮತ್ತು ಯಾವ ಬೀದಿಗೆ ಯಾವಾಗ ನೀರು ಬಿಡಬೇಕೆಂದು ನೋಡಿಕೊಳ್ಳುವ ನೀರುಗಂಟಿ. ಕಚೇರಿಯೊಳಗಿನ ತಂತಿ ಎಂದರೆ ಕೊಳವೆ. ಆಕ್ಸೆಸ್ ಪಾಯಿಂಟ್ ಎಂದರೆ ಬೀದಿಯ ನಲ್ಲಿ.

ಕೊನೆಯ ಬೀದಿಗೆ ನೀರು ತಲುಪದಿದ್ದರೆ ಕೊಳವೆ ಎಳೆದು ನಲ್ಲಿ ಕೂರಿಸುತ್ತೇವೆ. ಅದಕ್ಕಾಗಿ ಇನ್ನೊಂದು ಟ್ಯಾಂಕ್ ಕಟ್ಟಿ ಇನ್ನೊಬ್ಬ ನೀರುಗಂಟಿಯನ್ನು ನೇಮಿಸುವುದಿಲ್ಲ. ಕೊಳವೆಬಾವಿಯೇ ಬತ್ತಿದ್ದರೆ ಎಷ್ಟು ನಲ್ಲಿ ಹಾಕಿದರೂ ಪ್ರಯೋಜನವಿಲ್ಲ. ಈ ಎರಡು ಮಾತುಗಳಲ್ಲಿ ವೈ-ಫೈ ಖರೀದಿಯ ಮುಖ್ಯ ನಿಯಮಗಳು ಅಡಗಿವೆ.

4. ಮನೆಗೆ ಸಾಕಾಗುವುದು ಕಚೇರಿಗೆ ಸಾಲದು

ಜಯನಗರ ಅಥವಾ ಜೆ.ಪಿ. ನಗರದ ಎರಡು ಕೊಠಡಿಗಳ ಮನೆಯಲ್ಲಿ ಒಂದೇ ಪೆಟ್ಟಿಗೆ ಎಲ್ಲ ಕೆಲಸವನ್ನೂ ಮಾಡುತ್ತದೆ. ಅಲ್ಲಿ ಬಳಸುವವರು ನಾಲ್ಕೈದು ಮಂದಿ. ದೂರ ಹತ್ತು ಹದಿನೈದು ಅಡಿ. ಅಂತರಜಾಲ ಸೇವಾದಾರರು ಫೈಬರ್ ಸಂಪರ್ಕದೊಂದಿಗೆ ಅಳವಡಿಸುವ ಪೆಟ್ಟಿಗೆಯಲ್ಲಿ ಬಹುತೇಕ ರೂಟರ್ ಮತ್ತು ವೈ-ಫೈ ಎರಡೂ ಸೇರಿರುತ್ತವೆ. ಈ ಅನುಭವದಿಂದಲೇ "ವೈ-ಫೈ ಎಂದರೆ ರೂಟರ್" ಎಂಬ ಭಾವನೆ ಬೆಳೆದಿದೆ.

ಬಿ.ಟಿ.ಎಂ. ಬಡಾವಣೆಯಲ್ಲಿ ಹೇರಳವಾಗಿರುವ ಪೇಯಿಂಗ್ ಗೆಸ್ಟ್ ವಸತಿಗಳಂತಹ ಬಹುಮಹಡಿ ಕಟ್ಟಡದ ಸ್ಥಿತಿ ಬೇರೆ. ಅಲ್ಲಿ ಮಹಡಿಗೊಂದು ರೂಟರ್ ಇಟ್ಟು, ಪ್ರತಿಯೊಂದಕ್ಕೂ ಬೇರೆ ಹೆಸರು, ಬೇರೆ ಗುಪ್ತಪದ ಕೊಟ್ಟರೆ ಮಹಡಿ ಬದಲಿಸಿದಾಗಲೆಲ್ಲ ಸಂಪರ್ಕ ಕಡಿಯುತ್ತದೆ. ಪಕ್ಕಪಕ್ಕದ ಪೆಟ್ಟಿಗೆಗಳು ಒಂದರ ತರಂಗಕ್ಕೆ ಇನ್ನೊಂದು ಅಡ್ಡಿಯಾಗುತ್ತವೆ. ಒಂದು ರೂಟರ್ ಇಟ್ಟು, ಮಹಡಿಗೊಂದು ಆಕ್ಸೆಸ್ ಪಾಯಿಂಟ್ ಅನ್ನು ತಂತಿಯಿಂದ ಜೋಡಿಸಿ, ಎಲ್ಲಕ್ಕೂ ಒಂದೇ ಹೆಸರು ಮತ್ತು ಗುಪ್ತಪದ ಕೊಟ್ಟರೆ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ಗ್ರಾಮ ಪಂಚಾಯತಿ ಕಚೇರಿಯು ಸ್ವರೂಪದಲ್ಲಿ ಮನೆಗಿಂತ ಇಂತಹ ಕಟ್ಟಡಕ್ಕೆ ಹತ್ತಿರ. ಅಧ್ಯಕ್ಷರ ಕೊಠಡಿ, ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳ ಕೊಠಡಿ, ಡಾಟಾ ಎಂಟ್ರಿ ಆಪರೇಟರ್ ಕುಳಿತುಕೊಳ್ಳುವ ಸ್ಥಳ, ಸಭಾಂಗಣ, ನಾಗರಿಕರು ಕಾಯುವ ಜಗಲಿ, ಕೆಲವೆಡೆ ಪ್ರತ್ಯೇಕ ಕಟ್ಟಡದಲ್ಲಿರುವ ಅರಿವು ಕೇಂದ್ರ ಇವೆಲ್ಲಕ್ಕೂ ಒಂದೇ ಮೂಲೆಯ ಪೆಟ್ಟಿಗೆಯಿಂದ ತರಂಗ ತಲುಪಬೇಕೆಂದು ನಿರೀಕ್ಷಿಸಲಾಗದು. ಸೈಜುಗಲ್ಲಿನ ಗೋಡೆ, ಕಾಂಕ್ರೀಟ್ ಚಾವಣಿ, ಕಡತ ತುಂಬಿದ ಕಬ್ಬಿಣದ ಬೀರುಗಳು ತರಂಗವನ್ನು ಬಹಳ ಮಟ್ಟಿಗೆ ತಡೆಯುತ್ತವೆ.

5. ಎರಡನೇ ರೂಟರ್ ತರುವ ತೊಡಕುಗಳು

ತಲುಪದ ಕೊಠಡಿಗೆ ಇನ್ನೊಂದು ರೂಟರ್ ತಂದು ಹಾಗೆಯೇ ಜೋಡಿಸಿದರೆ, ಜೋಡಿಸಿದ ರೀತಿಗೆ ಅನುಗುಣವಾಗಿ ಕೆಳಗಿನ ಎರಡರಲ್ಲಿ ಒಂದು ತೊಂದರೆ ಉಂಟಾಗುತ್ತದೆ.

(ಅ) ಒಂದು ಜಾಲ ಎರಡಾಗುವುದು. ಎರಡನೇ ರೂಟರ್ ತನ್ನ ಹಿಂದೆ ಪ್ರತ್ಯೇಕ ಜಾಲವನ್ನು ನಿರ್ಮಿಸುತ್ತದೆ. ಆಗ ಸಭಾಂಗಣದ ಲ್ಯಾಪ್‌ಟಾಪಿನಲ್ಲಿ ಅಂತರಜಾಲ ಬಂದರೂ ಪಕ್ಕದ ಕೊಠಡಿಯ ಮುದ್ರಕವು ಅದಕ್ಕೆ ತಾನಾಗಿ ಕಾಣಿಸುವುದಿಲ್ಲ. ಕಚೇರಿಯೊಳಗೆ ಹಂಚಿಕೊಂಡ ಕಡತಗಳು, ಜಾಲಕ್ಕೆ ಸೇರಿಸಿದ ಕ್ಯಾಮರಾ ಇವುಗಳ ಸ್ಥಿತಿಯೂ ಇದೇ. ದೋಷ ಎಲ್ಲಿದೆ ಎಂದು ಹುಡುಕುವವರಿಗೆ ಎರಡು ಕಡೆ ಪರಿಶೀಲಿಸುವ ಹೆಚ್ಚುವರಿ ಕೆಲಸ ಬೀಳುತ್ತದೆ.

(ಆ) ಒಂದೇ ಜಾಲದಲ್ಲಿ ಇಬ್ಬರು ಸಂಖ್ಯೆ ಕೊಡುವುದು. ಎರಡನೇ ರೂಟರಿನ ತಪ್ಪು ಕಿಂಡಿಗೆ ತಂತಿ ಸಿಕ್ಕಿಸಿದರೆ ಎರಡೂ ರೂಟರ್‌ಗಳು ಒಂದೇ ಜಾಲದಲ್ಲಿ ವಿಳಾಸ ಹಂಚಲು ಆರಂಭಿಸುತ್ತವೆ. ಒಂದೇ ಗ್ರಾಮದ ಸ್ವತ್ತುಗಳಿಗೆ ಇಬ್ಬರು ಬೇರೆ ಬೇರೆ ವಹಿ ಇಟ್ಟುಕೊಂಡು ಸಂಖ್ಯೆ ಕೊಟ್ಟರೆ ಎಷ್ಟು ಗೊಂದಲವೋ ಇಲ್ಲಿಯೂ ಅಷ್ಟೇ. ಕೆಲವು ಗಣಕಯಂತ್ರಗಳು ಕೆಲಸ ಮಾಡುತ್ತವೆ, ಕೆಲವು ಮಾಡುವುದಿಲ್ಲ. ಬೆಳಿಗ್ಗೆ ಸರಿಯಿದ್ದುದು ಮಧ್ಯಾಹ್ನ ಕೆಡುತ್ತದೆ. ಹೊರನೋಟಕ್ಕೆ ಇದು "ನೆಟ್ ನಿಧಾನ" ಎಂದೇ ತೋರುವುದರಿಂದ ಮೂಲ ಕಾರಣ ತಿಳಿಯದೆ ಮೂರನೇ ಪೆಟ್ಟಿಗೆಯ ಖರೀದಿಗೆ ಪ್ರಸ್ತಾವನೆ ಬರುವ ಸಂಭವವಿದೆ.

ಇಲ್ಲೊಂದು ಉಳಿತಾಯದ ದಾರಿಯೂ ಇದೆ. ಕಚೇರಿಯಲ್ಲಿ ಈಗಾಗಲೇ ಬಳಕೆಯಿಲ್ಲದೆ ಬಿದ್ದಿರುವ ವೈ-ಫೈ ರೂಟರ್ ಇದ್ದರೆ ಅದನ್ನೇ ಆಕ್ಸೆಸ್ ಪಾಯಿಂಟ್ ಆಗಿ ಬಳಸಬಹುದು. ಅನೇಕ ಮಾದರಿಗಳಲ್ಲಿ ಇದಕ್ಕೆಂದೇ ಒಂದು ಆಯ್ಕೆ ಇರುತ್ತದೆ. ಆ ಆಯ್ಕೆ ಇಲ್ಲದಿದ್ದಲ್ಲಿ ಅದರ ವಿಳಾಸ ಹಂಚುವ ಸೌಲಭ್ಯವನ್ನು ನಿಲ್ಲಿಸಿ, ಅದರದೇ ವಿಳಾಸವು ಮುಖ್ಯ ರೂಟರಿನ ವಿಳಾಸಕ್ಕೆ ಡಿಕ್ಕಿಯಾಗದಂತೆ ಬದಲಿಸಿ, ಮುಖ್ಯ ರೂಟರಿನಿಂದ ಬಂದ ತಂತಿಯನ್ನು ಒಳಜಾಲದ ಕಿಂಡಿಗೆ ಸೇರಿಸಿದರೆ ಸಾಕು. ಬಲ್ಲವರಿಗೆ ಇದು ಸ್ವಲ್ಪ ಹೊತ್ತಿನ ಕೆಲಸ. ಆದ್ದರಿಂದ ಹೊಸ ಖರೀದಿಗೆ ಮುನ್ನ ದಾಸ್ತಾನು ವಹಿಯನ್ನು ಒಮ್ಮೆ ನೋಡುವುದು ಒಳಿತು.

6. ಖರೀದಿಗೆ ಮುನ್ನ ಮಾಡಬೇಕಾದ ಮೂರು ಪರೀಕ್ಷೆಗಳು

ದೂರು ಬಂದ ಕೂಡಲೇ ಕೆಳಗಿನ ಪರೀಕ್ಷೆಗಳನ್ನು ಕ್ರಮವಾಗಿ ಮಾಡಿಸಿ, ಫಲಿತಾಂಶವನ್ನು ಸಭೆಯ ಮುಂದೆ ಇಡುವಂತೆ ಸದಸ್ಯರು ಕೇಳಬಹುದು. ಇದಕ್ಕೆ ಹಣ ಬೇಕಿಲ್ಲ.

ಮೊದಲ ಪರೀಕ್ಷೆ: ಒಂದು ಗಣಕಯಂತ್ರವನ್ನು ತಂತಿಯ ಮೂಲಕ ನೇರವಾಗಿ ರೂಟರಿಗೆ ಜೋಡಿಸಿ ವೇಗವನ್ನು ಅಳೆಯುವುದು. ತಂತಿಯಲ್ಲಿಯೂ ವೇಗ ಇಲ್ಲದಿದ್ದರೆ ಮೊದಲು ಹೊರಗಿನ ಸಂಪರ್ಕವನ್ನು ಶಂಕಿಸಬೇಕು. ಸೇವಾದಾರರಿಗೆ ಲಿಖಿತ ದೂರು ನೀಡಿ ಪರಿಶೀಲಿಸಬೇಕು. ಈ ಹಂತದಲ್ಲಿ ಆಕ್ಸೆಸ್ ಪಾಯಿಂಟ್ ಖರೀದಿಸಿದರೆ ಹಣ ವ್ಯರ್ಥ.

ಎರಡನೇ ಪರೀಕ್ಷೆ: ರೂಟರಿನ ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ವೈ-ಫೈ ವೇಗ ಅಳೆಯುವುದು; ನಂತರ ದೂರು ಬಂದ ಕೊಠಡಿಯಲ್ಲಿ ಅಳೆಯುವುದು. ಪಕ್ಕದಲ್ಲಿ ಚೆನ್ನಾಗಿದ್ದು ದೂರದಲ್ಲಿ ಕುಸಿದರೆ ಅದು ವ್ಯಾಪ್ತಿಯ ಕೊರತೆ. ಮೊದಲು ರೂಟರನ್ನು ಬೀರುವಿನ ಹಿಂದಿನಿಂದ ತೆಗೆದು ಎತ್ತರದ, ತೆರೆದ ಜಾಗದಲ್ಲಿಟ್ಟು ನೋಡಬೇಕು. ಅದರಿಂದಲೂ ಸರಿಹೋಗದಿದ್ದರೆ ಆಕ್ಸೆಸ್ ಪಾಯಿಂಟ್ ಅಳವಡಿಸಬೇಕು.

ಮೂರನೇ ಪರೀಕ್ಷೆ: ಕಚೇರಿ ಖಾಲಿಯಿರುವಾಗ ಮತ್ತು ಜನ ತುಂಬಿರುವಾಗ ಬೇರೆ ಬೇರೆಯಾಗಿ ಅಳೆಯುವುದು. ಜನ ಸೇರಿದಾಗ ಮಾತ್ರ ಕುಸಿದರೆ ಅದು ಸಾಮರ್ಥ್ಯದ ಕೊರತೆ. ಆಗ ಬಳಕೆದಾರರನ್ನು ಒಂದಕ್ಕಿಂತ ಹೆಚ್ಚು ಆಕ್ಸೆಸ್ ಪಾಯಿಂಟ್‌ಗಳಿಗೆ ಹಂಚಬೇಕು. ರೂಟರ್ ಹಳೆಯದಾಗಿದ್ದರೆ ಅದನ್ನು ಬದಲಿಸುವುದು ನ್ಯಾಯಸಮ್ಮತವಾದ ಸಂದರ್ಭ ಇದು. ಬದಲಿಸುವುದು ಎಂದರೆ ಹಳೆಯದನ್ನು ತೆಗೆದು ಹೊಸದನ್ನು ಇಡುವುದು. ಹಳೆಯದರ ಹಿಂದೆ ಹೊಸದನ್ನು ಸೇರಿಸುವುದಲ್ಲ.

ಸಂಗ್ರಹವಾಗಿ ಹೇಳುವುದಾದರೆ, ಕಚೇರಿಯಲ್ಲಿ ರೂಟರೇ ಇಲ್ಲದಿದ್ದರೆ ಅಥವಾ ಇರುವುದು ಕೆಟ್ಟಿದ್ದರೆ, ಹಳತಾಗಿದ್ದರೆ ರೂಟರ್. ರೂಟರ್ ಸರಿಯಿದ್ದು ತರಂಗ ತಲುಪದಿದ್ದರೆ ಅಥವಾ ಬಳಸುವವರು ಹೆಚ್ಚಾಗಿದ್ದರೆ ಆಕ್ಸೆಸ್ ಪಾಯಿಂಟ್. ಹೊರಗಿನ ಸಂಪರ್ಕವೇ ದುರ್ಬಲವಾಗಿದ್ದರೆ ಎರಡೂ ಬೇಡ. ಸಣ್ಣ ಕಚೇರಿಯಲ್ಲಿ, ಎರಡು ಮೂರು ಕೊಠಡಿಗಳಷ್ಟೇ ಇದ್ದಲ್ಲಿ, ಒಂದು ಒಳ್ಳೆಯ ವೈ-ಫೈ ರೂಟರನ್ನು ಮಧ್ಯದ ಕೊಠಡಿಯಲ್ಲಿ ಇಟ್ಟರೆ ಅದೇ ಸಾಕು.

7. ಭಾರತ್‌ನೆಟ್ ಸಂಪರ್ಕವಿರುವ ಕಚೇರಿಗಳಲ್ಲಿ

ಗ್ರಾಮ ಪಂಚಾಯತಿಗಳಿಗೆ ಆಪ್ಟಿಕಲ್ ಫೈಬರ್ ಸಂಪರ್ಕ ನೀಡುವ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2011ರ ಅಕ್ಟೋಬರ್‌ನಲ್ಲಿ ಅನುಮೋದನೆ ನೀಡಿತು. ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಎಂದಿದ್ದ ಹೆಸರು 2015ರಲ್ಲಿ ಭಾರತ್‌ನೆಟ್ ಎಂದಾಯಿತು. ಈ ಯೋಜನೆಯಡಿ ಪಂಚಾಯತಿ ಕಟ್ಟಡದಲ್ಲಿ ಫೈಬರ್ ಕೊನೆಗೊಳ್ಳುವ ಕಡೆ ಒ.ಎನ್.ಟಿ. ಎಂಬ ಪೆಟ್ಟಿಗೆಯನ್ನು ಅಳವಡಿಸಲಾಗುತ್ತದೆ. ಬೆಳಕಿನ ರೂಪದಲ್ಲಿ ಬಂದ ಸಂಕೇತವನ್ನು ಇದು ಸಾಮಾನ್ಯ ತಂತಿಗೆ ಇಳಿಸುತ್ತದೆ. ಒ.ಎನ್.ಟಿ. ಇದೆ ಎಂದ ಮಾತ್ರಕ್ಕೆ ಕಚೇರಿಯಲ್ಲಿ ರೂಟರ್ ಅಥವಾ ವೈ-ಫೈ ಇದೆ ಎಂದು ಭಾವಿಸಲಾಗದು, ಇಲ್ಲವೆಂದೂ ಭಾವಿಸಲಾಗದು. ಕೆಲವು ಒ.ಎನ್.ಟಿ.ಗಳು ರೂಟರಿನ ಕೆಲಸವನ್ನೂ ಮಾಡುವಂತೆ ಸಿದ್ಧಗೊಂಡಿರುತ್ತವೆ, ಕೆಲವು ಸಂಕೇತವನ್ನು ಹಾಗೆಯೇ ಮುಂದೆ ಸಾಗಿಸುತ್ತವೆ. "ನಮ್ಮ ಕಚೇರಿಯ ಒ.ಎನ್.ಟಿ. ರೂಟರಿನ ಕೆಲಸ ಮಾಡುತ್ತಿದೆಯೇ?" ಎಂಬ ಒಂದು ಪ್ರಶ್ನೆಯನ್ನು ಸೇವಾದಾರರಿಗೆ ಕೇಳಿ ಉತ್ತರವನ್ನು ಕಡತದಲ್ಲಿ ಇಡಬೇಕು. "ಹೌದು" ಎಂದಾದರೆ ಅದಕ್ಕೆ ನೇರವಾಗಿ ಆಕ್ಸೆಸ್ ಪಾಯಿಂಟ್ ಜೋಡಿಸಬಹುದು. "ಇಲ್ಲ" ಎಂದಾದರೆ ಮಧ್ಯೆ ಒಂದು ರೂಟರ್ ಅವಶ್ಯ.

2023ರ ಆಗಸ್ಟ್‌ನಲ್ಲಿ ಅನುಮೋದನೆ ಪಡೆದ ಪರಿಷ್ಕೃತ ಭಾರತ್‌ನೆಟ್ ಕಾರ್ಯಕ್ರಮದಲ್ಲಿ ಪಂಚಾಯತಿಗಳನ್ನು ವರ್ತುಲಾಕಾರದಲ್ಲಿ ಜೋಡಿಸಿ, ಬ್ಲಾಕ್ ಮತ್ತು ಗ್ರಾಮ ಪಂಚಾಯತಿ ಮಟ್ಟದಲ್ಲಿ ರೂಟರ್ ಅಳವಡಿಸುವ ವಿನ್ಯಾಸವಿದೆ. ಒಂದು ಕಡೆ ಫೈಬರ್ ಕತ್ತರಿಸಿಹೋದರೂ ಇನ್ನೊಂದು ದಿಕ್ಕಿನಿಂದ ಸಂಪರ್ಕ ದೊರೆಯಲೆಂಬುದು ಇದರ ಉದ್ದೇಶ. ಆ ರೂಟರ್ ದೂರಸಂಪರ್ಕ ಜಾಲದ ಭಾಗ. ಅದನ್ನು ಕಚೇರಿಯ ಸಿಬ್ಬಂದಿ ಮುಟ್ಟಬಾರದು. ಅದನ್ನು ಕಚೇರಿಯ ಒಳಜಾಲದ ರೂಟರ್ ಎಂದೂ ಎಣಿಸಬಾರದು.

8. ತರಂಗ, ತಂತಿ ಮತ್ತು ವಿದ್ಯುತ್

ವೈ-ಫೈ ಮುಖ್ಯವಾಗಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ತರಂಗಾಂತರ ಪಟ್ಟಿಗಳಲ್ಲಿ ಕೆಲಸ ಮಾಡುತ್ತದೆ. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿಯೂ, 5 ಗಿಗಾಹರ್ಟ್ಸ್ ಪಟ್ಟಿಯ ವಿಸ್ತೃತ ಭಾಗವನ್ನು 2018ರಲ್ಲಿಯೂ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. ಮೊದಲನೆಯದು ಗೋಡೆಗಳನ್ನು ಹೆಚ್ಚು ದಾಟುತ್ತದೆ, ವೇಗ ಕಡಿಮೆ. ಎರಡನೆಯದು ವೇಗವಾಗಿದ್ದರೂ ಗೋಡೆಗೆ ಬೇಗ ಸೋಲುತ್ತದೆ. ಎರಡೂ ಪಟ್ಟಿಗಳಲ್ಲಿ ಕೆಲಸ ಮಾಡುವ ಉಪಕರಣವನ್ನೇ ಕೇಳಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಈ ಮೂರೇ. ಅಕ್ಕಪಕ್ಕದ ಆಕ್ಸೆಸ್ ಪಾಯಿಂಟ್‌ಗಳಿಗೆ ಹೆಸರು ಮತ್ತು ಗುಪ್ತಪದ ಒಂದೇ ಇರಲಿ, ಚಾನೆಲ್ ಮಾತ್ರ ಬೇರೆ ಇರಲಿ.

ಆಕ್ಸೆಸ್ ಪಾಯಿಂಟ್‌ಗೆ ತಂತಿ ಅತ್ಯಗತ್ಯವೆಂದೇ ತಿಳಿಯಬೇಕು. ತಂತಿ ಎಳೆಯುವ ಶ್ರಮ ತಪ್ಪಿಸಲು ತರಂಗವನ್ನು ಹಿಡಿದು ಮರುಪ್ರಸಾರ ಮಾಡುವ ರಿಪೀಟರ್‌ಗಳನ್ನು ಮಾರಾಟಗಾರರು ಸೂಚಿಸಬಹುದು. ಒಂದೇ ರೇಡಿಯೋದಲ್ಲಿ ಕೇಳುವುದು ಮತ್ತು ಹೇಳುವುದು ಎರಡನ್ನೂ ಮಾಡುವ ರಿಪೀಟರಿನಲ್ಲಿ ವೇಗವು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮನೆಗೆ ನಡೆದೀತು, ಕಚೇರಿಗೆ ಕೊನೆಯ ಆಯ್ಕೆಯಾಗಿರಲಿ.

ತಾಮ್ರದ ಜಾಲತಂತಿಯ ಒಂದು ಎಳೆಯ ಮಿತಿ 100 ಮೀಟರ್. ಕ್ಯಾಟ್ 6 ದರ್ಜೆಯ ಶುದ್ಧ ತಾಮ್ರದ ತಂತಿ ಎಂದು ಬೇಡಿಕೆಯಲ್ಲಿ ಸ್ಪಷ್ಟವಾಗಿ ನಮೂದಿಸಬೇಕು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಅಗ್ಗವಾಗಿ ದೊರೆತರೂ ಬಾಳಿಕೆ ಕಡಿಮೆ, ವಿದ್ಯುತ್ ಸಾಗಿಸಲು ಅಯೋಗ್ಯ. ವಿದ್ಯುತ್ತಿನ ಮಾತು ಇಲ್ಲಿ ಏಕೆಂದರೆ, ಆಕ್ಸೆಸ್ ಪಾಯಿಂಟ್‌ಗಳು ಜಾಲತಂತಿಯಲ್ಲಿಯೇ ವಿದ್ಯುತ್ ಪಡೆಯಬಲ್ಲವು. ಇದನ್ನು ಪಿ.ಒ.ಇ. ಎನ್ನುತ್ತಾರೆ. ಚಾವಣಿಯ ಬಳಿ ಪ್ಲಗ್ ಹಾಕಿಸುವ ಖರ್ಚು ಇದರಿಂದ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಒ.ಎನ್.ಟಿ., ರೂಟರ್ ಮತ್ತು ಪಿ.ಒ.ಇ. ಸ್ವಿಚ್ ಮೂರನ್ನೂ ಒಂದೇ ಯು.ಪಿ.ಎಸ್.ಗೆ ಸೇರಿಸಿದರೆ ವಿದ್ಯುತ್ ಹೋದಾಗಲೂ ಇಡೀ ಕಟ್ಟಡದ ವೈ-ಫೈ ನಡೆಯುತ್ತದೆ. ಕೊಠಡಿಗೊಂದು ರೂಟರ್ ಇಟ್ಟರೆ ಕೊಠಡಿಗೊಂದು ಯು.ಪಿ.ಎಸ್. ಬೇಕಾಗುತ್ತದೆ.

ಅರಿವು ಕೇಂದ್ರವು ಬೇರೆ ಕಟ್ಟಡದಲ್ಲಿದ್ದರೆ ಎರಡು ಕಟ್ಟಡಗಳ ನಡುವೆ ತಾಮ್ರದ ತಂತಿಯನ್ನು ಗಾಳಿಯಲ್ಲಿ ಎಳೆಯುವುದು ಅಪಾಯಕರ. ಹತ್ತಿರದಲ್ಲಿ ಸಿಡಿಲು ಬಡಿದರೆ ಎರಡೂ ಕಡೆಯ ಉಪಕರಣಗಳು ಸುಟ್ಟುಹೋಗಬಹುದು. ಇಂತಹ ಕಡೆ ವಿದ್ಯುತ್ತನ್ನು ಸಾಗಿಸದ ಫೈಬರ್ ತಂತಿ ಸುರಕ್ಷಿತ.

9. ಕಚೇರಿಯ ಜಾಲ ಬೇರೆ, ಸಾರ್ವಜನಿಕರ ಜಾಲ ಬೇರೆ

ಸ್ವತ್ತಿನ ದಾಖಲೆ, ಫಲಾನುಭವಿಗಳ ಬ್ಯಾಂಕ್ ವಿವರ, ಆಧಾರ್‌ಗೆ ಸಂಬಂಧಿಸಿದ ಮಾಹಿತಿ ಇರುವ ಗಣಕಯಂತ್ರಗಳೂ, ಜಗಲಿಯಲ್ಲಿ ಕಾಯುವವರ ಮೊಬೈಲ್‌ಗಳೂ ಒಂದೇ ಜಾಲದಲ್ಲಿ ಇರಕೂಡದು. ಒಂದು ಮೊಬೈಲಿಗೆ ತಗುಲಿದ ವೈರಸ್ ಕಚೇರಿಯ ಗಣಕಯಂತ್ರಕ್ಕೆ ದಾಟಲು ಅದು ದಾರಿಯಾಗುತ್ತದೆ. ಕಚೇರಿ ಬಳಕೆಗಾಗಿ ತಯಾರಾದ ಬಹುತೇಕ ಆಕ್ಸೆಸ್ ಪಾಯಿಂಟ್‌ಗಳು ಒಂದೇ ಉಪಕರಣದಿಂದ ಎರಡು ಮೂರು ಬೇರೆ ಬೇರೆ ಹೆಸರಿನ ವೈ-ಫೈ ನೀಡಬಲ್ಲವು. ಆ ಹೆಸರುಗಳನ್ನು ಪರಸ್ಪರ ಕಾಣದ ಪ್ರತ್ಯೇಕ ಜಾಲಗಳಿಗೆ ಜೋಡಿಸಬಹುದು. ಇದಕ್ಕೆ ರೂಟರ್ ಮತ್ತು ಸ್ವಿಚ್ ಸಹ ಆ ವಿಭಜನೆಯನ್ನು ಬೆಂಬಲಿಸಬೇಕು. ಖರೀದಿಯ ವೇಳೆ ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು. ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಮೊದಲ ದಿನವೇ ಬದಲಿಸಬೇಕು. ಕಚೇರಿ ವೈ-ಫೈನ ಗುಪ್ತಪದವನ್ನು ಗೋಡೆಯ ಮೇಲೆ ಬರೆಯಬಾರದು.

ಸಾರ್ವಜನಿಕರಿಗೆ ವೈ-ಫೈ ನೀಡಲು ಇಚ್ಛಿಸುವ ಪಂಚಾಯತಿಗಳಿಗೆ ಪಿ.ಎಂ.-ವಾಣಿ ಚೌಕಟ್ಟು ಲಭ್ಯವಿದೆ. ಕೇಂದ್ರ ಸಚಿವ ಸಂಪುಟವು 2020ರ ಡಿಸೆಂಬರ್ 9ರಂದು ಇದಕ್ಕೆ ಅನುಮೋದನೆ ನೀಡಿತು. ಇದರಡಿ ವೈ-ಫೈ ಒದಗಿಸುವ ಸ್ಥಳಕ್ಕೆ ಪರವಾನಗಿಯಾಗಲೀ ನೋಂದಣಿ ಶುಲ್ಕವಾಗಲೀ ಇಲ್ಲ. ಬಳಕೆದಾರರ ನೋಂದಣಿಯನ್ನು ಮೊಬೈಲ್ ಆ್ಯಪ್ ಒದಗಿಸುವವರು ನೋಡಿಕೊಳ್ಳುತ್ತಾರೆ. ಇಂತಹ ಸ್ಥಳವನ್ನು ಆ ಚೌಕಟ್ಟಿನಲ್ಲಿ "ಪಬ್ಲಿಕ್ ಡೇಟಾ ಆಫೀಸ್" ಎಂದೂ ಸಂಕ್ಷಿಪ್ತವಾಗಿ "ಪಿಡಿಒ" ಎಂದೂ ಕರೆಯಲಾಗಿದೆ. ಅದಕ್ಕೂ ನಮ್ಮ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳ ಹುದ್ದೆಗೂ ಸಂಬಂಧವಿಲ್ಲ. ಪತ್ರವ್ಯವಹಾರದಲ್ಲಿ ಗೊಂದಲವಾಗದಂತೆ ಪೂರ್ಣ ಹೆಸರನ್ನೇ ಬರೆಯುವುದು ಸೂಕ್ತ. ಅಳವಡಿಸುವ ಆಕ್ಸೆಸ್ ಪಾಯಿಂಟ್ ಪಿ.ಎಂ.-ವಾಣಿಗೆ ಹೊಂದಿಕೆಯಾಗುವಂತಹುದೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು.

10. ಖರೀದಿ ಸಂದರ್ಭದಲ್ಲಿ ಸದಸ್ಯರು ಕೇಳಬೇಕಾದ ಪ್ರಶ್ನೆಗಳು

ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಹಾಗೂ ಪಂಚಾಯತಿಗಳಿಗೆ ಅನ್ವಯವಾಗುವ ನಿಯಮಗಳಿಗೆ ಒಳಪಟ್ಟಿರಬೇಕು. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ವಿಚಾರಿಸಿದ ಬೆಲೆಯು ಅಂದಾಜಿಗೆ ನೆರವಾದೀತೇ ಹೊರತು ಖರೀದಿಯ ವಿಧಾನವಾಗದು. ಸದಸ್ಯರು ಸಭೆಯಲ್ಲಿ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಪಡೆಯಬೇಕು.

(1) ಕಂಡಿಕೆ 6ರ ಮೂರು ಪರೀಕ್ಷೆಗಳ ಫಲಿತಾಂಶವೇನು?
(2) ಕಚೇರಿಯಲ್ಲಿ ಈಗ ರೂಟರಿನ ಕೆಲಸ ಮಾಡುತ್ತಿರುವ ಉಪಕರಣ ಯಾವುದು? ಒಂದಕ್ಕಿಂತ ಹೆಚ್ಚು ಇವೆಯೇ?
(3) ದಾಸ್ತಾನಿನಲ್ಲಿರುವ ಹಳೆಯ ಉಪಕರಣವನ್ನು ಆಕ್ಸೆಸ್ ಪಾಯಿಂಟ್ ಆಗಿ ಬಳಸಲು ಸಾಧ್ಯವೇ?
(4) ಅಂದಾಜಿನಲ್ಲಿ ತಂತಿ, ಕೊಳವೆ, ಅಳವಡಿಕೆ ಮತ್ತು ಯು.ಪಿ.ಎಸ್. ವೆಚ್ಚ ಸೇರಿದೆಯೇ?
(5) ಆಕ್ಸೆಸ್ ಪಾಯಿಂಟ್ ಕೇಳುವ ವಿದ್ಯುತ್ತನ್ನು ಸ್ವಿಚ್ ಒದಗಿಸಬಲ್ಲುದೇ? ಪಿ.ಒ.ಇ.ಯಲ್ಲಿ 15.4 ವ್ಯಾಟ್ ಮತ್ತು 30 ವ್ಯಾಟ್ ಎಂಬ ದರ್ಜೆಗಳಿವೆ.
(6) ಉಪಕರಣಕ್ಕೆ ದೂರಸಂಪರ್ಕ ಇಲಾಖೆಯ ನಿಸ್ತಂತು ವಿಭಾಗದ ಮಾದರಿ ಅನುಮೋದನೆ ಇದೆಯೇ?
(7) ನಿರ್ವಹಣೆಯ ಗುಪ್ತಪದ ಯಾರ ವಶದಲ್ಲಿರುತ್ತದೆ? ಸಿಬ್ಬಂದಿ ವರ್ಗಾವಣೆಯಾದಾಗ ಅದನ್ನು ಹಸ್ತಾಂತರಿಸುವ ವ್ಯವಸ್ಥೆ ಏನು?
(8) ವಾರ್ಷಿಕ ಶುಲ್ಕ ಕಟ್ಟದಿದ್ದರೆ ಉಪಕರಣ ಕೆಲಸ ನಿಲ್ಲಿಸುತ್ತದೆಯೇ? ಕೆಲವು ಮಾದರಿಗಳ ನಿರ್ವಹಣಾ ಸೌಲಭ್ಯಕ್ಕೆ ಇಂತಹ ಶುಲ್ಕವಿರುತ್ತದೆ.

ಪರೀಕ್ಷೆಯಿಂದ ವ್ಯಾಪ್ತಿಯ ಕೊರತೆ ದೃಢಪಟ್ಟಲ್ಲಿ ನಿರ್ಣಯವನ್ನು ಈ ಮಾದರಿಯಲ್ಲಿ ದಾಖಲಿಸಬಹುದು: "ಪಂಚಾಯತಿ ಕಚೇರಿಯಲ್ಲಿ ಅಂತರಜಾಲ ಸಂಪರ್ಕವನ್ನು ಪರೀಕ್ಷಿಸಲಾಗಿ, ಹೊರಗಿನ ಸಂಪರ್ಕ ಹಾಗೂ ರೂಟರ್ ಸುಸ್ಥಿತಿಯಲ್ಲಿದ್ದು, ಸಭಾಂಗಣ ಮತ್ತು ಅರಿವು ಕೇಂದ್ರಕ್ಕೆ ವೈ-ಫೈ ತಲುಪದಿರುವುದು ಕಂಡುಬಂದಿರುತ್ತದೆ. ಆದ್ದರಿಂದ ಹಾಲಿ ರೂಟರಿಗೆ ತಂತಿಯ ಮೂಲಕ ಜೋಡಿಸುವ ಆಕ್ಸೆಸ್ ಪಾಯಿಂಟ್‌ಗಳನ್ನು, ಅಗತ್ಯ ತಂತಿ, ಸ್ವಿಚ್ ಮತ್ತು ಯು.ಪಿ.ಎಸ್. ಸಹಿತ, ನಿಯಮಾನುಸಾರ ಖರೀದಿಸಲು ಹಾಗೂ ಕಚೇರಿ ಮತ್ತು ಸಾರ್ವಜನಿಕ ಜಾಲಗಳನ್ನು ಪ್ರತ್ಯೇಕಗೊಳಿಸಲು ಸಭೆಯು ತೀರ್ಮಾನಿಸಿತು." ಹೀಗೆ ಕಾರಣಸಹಿತ ದಾಖಲಿಸಿದ ನಿರ್ಣಯವು ಲೆಕ್ಕಪರಿಶೋಧನೆಯ ವೇಳೆ ಖರೀದಿಯ ಅಗತ್ಯವನ್ನು ತಾನೇ ವಿವರಿಸುತ್ತದೆ.

11. ಉಪಸಂಹಾರ

ರೂಟರ್ ಮತ್ತು ಆಕ್ಸೆಸ್ ಪಾಯಿಂಟ್‌ಗಳಲ್ಲಿ ಒಂದು ಮೇಲು, ಇನ್ನೊಂದು ಕೀಳು ಎಂಬುದಿಲ್ಲ. ಅವುಗಳ ಕೆಲಸ ಬೇರೆ. ದೋಷ ಎಲ್ಲಿದೆ ಎಂದು ಅರಿಯದೆ ಮಾಡಿದ ಖರೀದಿಯು ಬೀರುವಿನ ಮೇಲೆ ಇನ್ನೊಂದು ಪೆಟ್ಟಿಗೆಯನ್ನು ಸೇರಿಸುತ್ತದೆಯೇ ಹೊರತು ಸರತಿಯನ್ನು ಕಡಿಮೆ ಮಾಡುವುದಿಲ್ಲ. ಮುಂದಿನ ಸಾಮಾನ್ಯ ಸಭೆಗೆ ಮುನ್ನ ತಮ್ಮ ಕಚೇರಿಯಲ್ಲಿ ಕಂಡಿಕೆ 6ರ ಪರೀಕ್ಷೆಗಳನ್ನು ಮಾಡಿಸಿ, ಫಲಿತಾಂಶವನ್ನು ಸಭೆಯಲ್ಲಿ ಮಂಡಿಸಿ ಚರ್ಚಿಸುವಂತೆ ಎಲ್ಲ ಸದಸ್ಯರಲ್ಲಿ ಕೋರಲಾಗಿದೆ.